ಸ್ನೇಕ್ ಪ್ಲಾಂಟೋ, ಆಂಥೂರಿಯಮ್ಮೋ? ಮೊದಲು ನಿಮ್ಮ ಊರಿನ ಮಳೆ ಹೇಳಿ

ಸ್ನೇಕ್ ಪ್ಲಾಂಟ್ ಅಂದ್ರೆ ಸಾಯದ ಗಿಡ, ಆಂಥೂರಿಯಂ ಅಂದ್ರೆ ನಾಜೂಕಿನ ಗಿಡ. ನಮ್ಮ ನರ್ಸರಿಗೆ ಬರುವ ಹೆಚ್ಚಿನವರು ಇದನ್ನು ಮೊದಲೇ ತೀರ್ಮಾನ ಮಾಡಿಕೊಂಡು ಬರುತ್ತಾರೆ. ಬೆಂಗಳೂರಿನ ಫ್ಲ್ಯಾಟಿಗಾದರೆ ಸರಿ. ಮಡಿಕೇರಿ, ಭಾಗಮಂಡಲ ಕಡೆಯ ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ.

ಸ್ನೇಕ್ ಪ್ಲಾಂಟ್ ಪಶ್ಚಿಮ ಆಫ್ರಿಕಾದ್ದು. ದಪ್ಪ ಎಲೆಯಲ್ಲೂ ಮಣ್ಣೊಳಗಿನ ಗೆಡ್ಡೆಯಲ್ಲೂ ನೀರು ಕೂಡಿಟ್ಟುಕೊಳ್ಳುತ್ತದೆ. ಹಗಲು ಬಿಸಿಲಿಗೆ ನೀರು ಆರಿಹೋಗದಿರಲಿ ಅಂತ ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿಯೇ ತೆರೆಯುತ್ತದೆ. ಎರಡು ಮೂರು ವಾರ ನೀರು ಮರೆತರೂ ಅದಕ್ಕೇನೂ ಆಗದು. ಅದಕ್ಕೆ ಆಗಿಬರದ್ದು ಜಾಸ್ತಿ ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ, ಒಗೆದ ಬಟ್ಟೆಯೇ ವಾರವಾದರೂ ಒಣಗದ ಮನೆಯಲ್ಲಿ ಕುಂಡದ ಮಣ್ಣು ಎಲ್ಲಿಂದ ಒಣಗಬೇಕು? ಮೇಲಿಂದ ನೋಡಿದರೆ ಗಿಡ ನೆಟ್ಟಗೆ, ಹಸಿರಾಗಿ ನಿಂತಿರುತ್ತದೆ. ಒಂದು ದಿನ ಒಂದು ಎಲೆ ವಾಲುತ್ತದೆ. ಹಿಡಿದು ಎಳೆದರೆ ಸಲೀಸಾಗಿ ಕೈಗೇ ಬರುತ್ತದೆ, ಬುಡವೆಲ್ಲ ಕಂದಾಗಿ ಲೋಳೆ ಲೋಳೆ, ಜತೆಗೆ ಕೊಳೆತ ವಾಸನೆ. ಆಮೇಲೆ ಗೆಡ್ಡೆಯ ಗಟ್ಟಿ ಭಾಗವನ್ನು ಕತ್ತರಿಸಿ, ಗಾಯ ಒಣಗಿಸಿ, ಮರಳು ಜಾಸ್ತಿ ಇರುವ ಮಣ್ಣಿಗೆ ನೆಡುವುದೊಂದೇ ದಾರಿ. ಎಲೆಯ ತುಂಡು ನೆಟ್ಟರೂ ಚಿಗುರುತ್ತದೆ, ಆದರೆ ಹಳದಿ ಅಂಚಿನ ಗಿಡವಾದರೆ ಮರಿಗೆ ಆ ಅಂಚು ಬರುವುದಿಲ್ಲ, ಬರೀ ಹಸಿರು. ಆಗ ನರ್ಸರಿಯವರನ್ನು ಬೈಯಬೇಡಿ!

ಆಂಥೂರಿಯಂ ಕೊಲಂಬಿಯಾ, ಈಕ್ವೆಡಾರ್‌ನ ಮಳೆಕಾಡಿನದು. ಮರದ ನೆರಳು, ತೇವದ ಗಾಳಿ, ಹದವಾದ ಚಳಿ. ಕೊಡಗಿನ ಕಾಫಿ ತೋಟಗಳಲ್ಲಿ ಇದನ್ನು ಬೆಳೆಯುವುದು ಸುಮ್ನೆ ಅಲ್ಲ. ಹಾಗಂತ ತೋಟದ ಕೆಂಪು ಮಣ್ಣು ತುಂಬಿ ನೀರು ಸುರಿದರೆ ಇದೂ ಕೊಳೆಯುತ್ತದೆ. ಕಾಡಿನಲ್ಲಿ ಇದರ ಬಳಗ ಮರದ ಕೊಂಬೆಗೆ ಅಂಟಿಕೊಂಡು ಬೆಳೆಯುವಂಥದ್ದು, ಬೇರಿಗೆ ತೇವ ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿ ತುಂಬಿ. ಕೆಂಪಗೆ ಹೊಳೆಯುವುದು ನಿಜಕ್ಕೂ ಒಂದು ಬಗೆಯ ಎಲೆ, ಹೂವುಗಳು ನಡುವಿನ ಕಡ್ಡಿಯ ಮೇಲೆ ಇರುತ್ತವೆ. ವಾರಗಟ್ಟಲೆ ಬಾಡದೆ ಇರುವುದು ಅದಕ್ಕೇ. ಇದಕ್ಕೆ ಕಷ್ಟ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಗಾಳಿ ಒಣಗಿ ಎಲೆಯಂಚು ಸುಟ್ಟ ಹಾಗೆ ಆಗುತ್ತದೆ. ನೇರ ಬಿಸಿಲಂತೂ ಬೇಡವೇ ಬೇಡ. ಆದರೆ ತೀರಾ ಕತ್ತಲ ಮೂಲೆಯಲ್ಲಿಟ್ಟು ಹೂವಿಲ್ಲ ಅಂದರೆ ಗಿಡ ಏನು ಮಾಡಬೇಕು?

ಹಾಗಾಗಿ ಮಡಿಕೇರಿಯವರಿಗೆ ನಾನು ಕೊಡುವುದು ಆಂಥೂರಿಯಂ. ಕುಶಾಲನಗರದಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಅಲ್ಲಿಯವರು, ತಿಂಗಳಿಗೆರಡು ಸಲ ಊರು ಬಿಡುವವರು ಸ್ನೇಕ್ ಪ್ಲಾಂಟ್ ಒಯ್ಯಲಿ. ಮನೆಯಲ್ಲಿ ಅಂಬೆಗಾಲಿನ ಮಗುವೋ ನಾಯಿಮರಿಯೋ ಇದ್ದರೆ ಎರಡನ್ನೂ ಎತ್ತರದಲ್ಲಿಡಿ, ಎರಡೂ ಜಗಿಯುವಂಥ ಎಲೆಗಳಲ್ಲ. ಆಂಥೂರಿಯಂ ಜಗಿದರೆ ಬಾಯೆಲ್ಲ ಉರಿಯುತ್ತದೆ.

ಎರಡೂ ಬೇಕು ಅನ್ನುವವರು ಬೇರೆ ಬೇರೆ ಕೋಣೆಯಲ್ಲಿಡಿ. ಪಕ್ಕಪಕ್ಕ ಇಟ್ಟರೆ ಒಂದಕ್ಕೆ ನೀರು ಹಾಕಿದ ಕೈ ಇನ್ನೊಂದನ್ನು ಬಿಡುವುದಿಲ್ಲ.