ಅರ್ಧ ಉಳಿದ ಸ್ಕಾಚ್ ಕೆಡುತ್ತಾ?

ಪ್ರಶ್ನೆ: ನಮ್ಮ ಮನೆ ಸಕಲೇಶಪುರದ ಹತ್ತಿರ ತೋಟದೊಳಗಿದೆ. ಎರಡು ವರ್ಷದ ಹಿಂದೆ ಅಳಿಯಂದಿರು ವಿದೇಶದಿಂದ ಬರುವಾಗ ಒಂದು ಸ್ಕಾಚ್ ತಂದಿದ್ದರು. ಅರ್ಧ ಹಾಗೇ ಉಳಿದಿದೆ. ಈ ಮಳೆಗಾಲದಲ್ಲಿ ಲೇಬಲ್ ಮೇಲೆಲ್ಲ ಬೂಷ್ಟು ಬಂದಿದೆ. ಕೆಟ್ಟುಹೋಗಿರಬಹುದಾ? ವೈನ್ ಥರ ಮಲಗಿಸಿ ಇಡಬೇಕಿತ್ತಾ?

ಉತ್ತರ: ಗಾಬರಿ ಬೇಡ. ಬೂಷ್ಟು ಹಿಡಿದಿರುವುದು ಕಾಗದಕ್ಕೆ, ಒಳಗಿನ ಮಾಲಿಗಲ್ಲ. ವಿಸ್ಕಿ, ರಮ್, ಬ್ರಾಂದಿ, ಜಿನ್ ಇವುಗಳಲ್ಲಿ ಆಲ್ಕೋಹಾಲ್ ನೂರಕ್ಕೆ 40ರ ಆಸುಪಾಸು ಇರುತ್ತದೆ. ನಮ್ಮ ದೇಶದ ಬಾಟಲಿಗಳ ಮೇಲೆ 42.8 ಅಂತ ಬರೆದಿರುವುದನ್ನು ನೋಡಿರುತ್ತೀರಿ. ಅಷ್ಟು ಖಾರದಲ್ಲಿ ಬೂಷ್ಟು ಬದುಕುವುದಿಲ್ಲ. ಬಾಟಲಿಯ ಕತ್ತನ್ನೂ ಬಿರಡೆಯ ಸುತ್ತಲನ್ನೂ ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಬಿರಡೆ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಇಲ್ಲದಿದ್ದರೆ ಆಯಿತು.

ಇನ್ನು ಮಲಗಿಸುವ ವಿಷಯ. ದಯವಿಟ್ಟು ಮಲಗಿಸಬೇಡಿ. ವೈನನ್ನು ಮಲಗಿಸುವುದು ಬಿರಡೆ ಒಣಗದೆ ಒದ್ದೆಯಾಗಿರಲಿ ಅಂತ. ವೈನ್ ಮೆತ್ತಗಿನದು, ಬಿರಡೆಗೆ ಏನೂ ಮಾಡುವುದಿಲ್ಲ. ವಿಸ್ಕಿ ಹಾಗಲ್ಲ, ದಿನಾ ತಾಗುತ್ತಿದ್ದರೆ ಬಿರಡೆಯನ್ನೇ ತಿಂದುಹಾಕುತ್ತದೆ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಚಿಕ್ಕಮಗಳೂರಿನ ನಮ್ಮ ಮನೆಗೆ ಒಂದು ಮರದ ವೈನ್ ಸ್ಟ್ಯಾಂಡ್ ತಂದಿದ್ದೆ. ನೋಡಲು ಚೆಂದ ಅಂತ ಎಲ್ಲ ಬಾಟಲಿಗಳನ್ನೂ ಅದರಲ್ಲೇ ಮಲಗಿಸಿಟ್ಟೆ. ವರ್ಷ ಕಳೆದು ಒಂದನ್ನು ತೆರೆಯಲು ಹೋದರೆ ಬಿರಡೆ ಹಳೇ ರಸ್ಕಿನ ಹಾಗೆ ಪುಡಿಪುಡಿ. ಅರ್ಧ ಕೈಗೆ ಬಂತು, ಅರ್ಧ ಒಳಗೆ ಬಿತ್ತು. ಸೋಸೋಣ ಅಂತ ಅಡುಗೆಮನೆಯ ಕಾಫಿ ಬಟ್ಟೆ ತಂದೆ. ವಿಸ್ಕಿಗೆ ಕಾಫಿ ವಾಸನೆ ಹತ್ತಿತು. ಅದಕ್ಕಿಂತ ಕಷ್ಟ ಮರುದಿನ ಬೆಳಿಗ್ಗೆ. ಅತ್ತೆಯವರು ಒಂದು ಗುಟುಕು ಕುಡಿದು, “ಕಾಫಿಪುಡಿ ಬದಲಾಯಿಸಿದ್ರಾ?” ಅಂದರು. ನಿಮಗೂ ಅಂಥ ಗತಿ ಬಂದರೆ ಹೊಸ, ತೊಳೆದ ಬಿಳಿ ಬಟ್ಟೆ ಬಳಸಿ.

ನಿಲ್ಲಿಸಿಟ್ಟ ಬಾಟಲಿಯ ಬಿರಡೆ ನಿಧಾನಕ್ಕೆ ಒಣಗುತ್ತದೆ ಎನ್ನುವುದೂ ನಿಜ. ಎರಡು ಮೂರು ತಿಂಗಳಿಗೊಮ್ಮೆ ಬಾಟಲಿಯನ್ನು ಒಂದು ಕ್ಷಣ ಬಗ್ಗಿಸಿ ಬಿರಡೆ ನೆನೆಸಿ, ಮತ್ತೆ ನಿಲ್ಲಿಸಿ. ಅಷ್ಟು ಸಾಕು. ತಿರುಗಿಸುವ ಮುಚ್ಚಳದ ಬಾಟಲಿಗೆ ಇದೂ ಬೇಡ.

ನಿಮ್ಮ ಬಾಟಲಿಗೆ ನಿಜವಾದ ಶತ್ರು ಮಳೆಯಲ್ಲ, ಅದರೊಳಗಿನ ಖಾಲಿ ಜಾಗ. ಸೀಲ್ ಒಡೆಯದ ವಿಸ್ಕಿ ಎಷ್ಟು ವರ್ಷ ಬೇಕಾದರೂ ಇರುತ್ತದೆ. ಒಡೆದ ಮೇಲೆ ಒಳಗೆ ಗಾಳಿ ಸೇರುತ್ತದೆ, ಸುವಾಸನೆ ಮೆಲ್ಲಗೆ ಇಳಿಯುತ್ತದೆ. ಮುಕ್ಕಾಲು ತುಂಬಿದ್ದರೆ ಒಂದೆರಡು ವರ್ಷಕ್ಕೆ ಚಿಂತೆಯಿಲ್ಲ. ತಳದಲ್ಲಿ ನಾಲ್ಕು ಪೆಗ್ ಉಳಿದಿದ್ದರೆ ಕೆಲವೇ ತಿಂಗಳಲ್ಲಿ ಸಪ್ಪೆ ಅನ್ನಿಸಬಹುದು. ಕುಡಿದರೆ ಹೊಟ್ಟೆ ಕೆಡುವುದಿಲ್ಲ, ಆದರೆ ಕೊಟ್ಟ ದುಡ್ಡಿನ ರುಚಿ ಸಿಗುವುದಿಲ್ಲ. ಇದಕ್ಕೆ ಬಿಟ್ಟಿ ಉಪಾಯ ಒಂದಿದೆ. 180 ಮಿ.ಲೀ. ಕ್ವಾರ್ಟರ್ ಗಾಜಿನ ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಉಳಿದದ್ದನ್ನು ಅವುಗಳಲ್ಲಿ ಕತ್ತಿನ ತನಕ ತುಂಬಿಸಿಡಿ. ಗಾಳಿಗೆ ಜಾಗವೇ ಇರುವುದಿಲ್ಲ. ಮುಚ್ಚಳದ ಸುತ್ತ ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಎರಡು ಸುತ್ತು ಹಾಕಿದರೆ ಇನ್ನೂ ಒಳ್ಳೆಯದು. ನೋಡುವುದಕ್ಕೆ ಶೋಭೆಯಿಲ್ಲ, ಒಪ್ಪಿದೆ.

ಎಲ್ಲಿಡಬೇಕು? ಕತ್ತಲು, ತಂಪು, ಏರುಪೇರಿಲ್ಲದ ಜಾಗ. ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಏನೇ ಇದ್ದರೂ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಅಭ್ಯಾಸ. ಹುಣಸೆಹಣ್ಣಿಗೆ ಅದು ಸರಿ, ಸ್ಕಾಚಿಗಲ್ಲ. ಬಿಸಿಗೆ ಒಳಗಿನ ಹಬೆ ಹಿಗ್ಗುತ್ತದೆ, ಬಿರಡೆ ಸಡಿಲವಾಗುತ್ತದೆ, ಮಾಲು ಸದ್ದಿಲ್ಲದೆ ಆರಿಹೋಗುತ್ತದೆ. ನುಸಿ ಗುಳಿಗೆ ಹಾಕಿದ ಬಟ್ಟೆ ಬೀರುವೂ ಬೇಡ. ಗೋಡೆಗೆ ತಾಗದ, ನೆಲದಿಂದ ಮೇಲಿರುವ ಮರದ ಕಪಾಟು ಸಾಕು. ಲೇಬಲ್ ಮೇಲೆ ಆಸೆ ಇದ್ದರೆ ಬಾಟಲಿಗೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ. ನಿಮ್ಮದೇ ಜಿಲ್ಲೆಯ ಅರಸೀಕೆರೆ ಕಡೆಯವರು ಕೇಳಿದ್ದರೆ ನಾನು ತೇವದ ಮಾತೇ ಎತ್ತುತ್ತಿರಲಿಲ್ಲ. ಅವರಿಗೆ ಹೇಳುವುದು ಒಂದೇ: ಕಿಟಕಿ ಎದುರಿನ ಶೋಕೇಸಿನಿಂದ ತೆಗೆಯಿರಿ. ಬಿಸಿಲಿಗೆ ಬಣ್ಣವೂ ಮಾಸುತ್ತದೆ, ರುಚಿಯೂ ಕೆಡುತ್ತದೆ.

“ಇಟ್ಟಷ್ಟೂ ಒಳ್ಳೆಯದಾಗುತ್ತೆ ಅಲ್ವಾ?” ಅಂತ ಕೇಳುವವರು ಜಾಸ್ತಿ. ಇಲ್ಲ. ವಿಸ್ಕಿ ಮಾಗುವುದು ಮರದ ಪೀಪಾಯಿಯಲ್ಲಿ, ಗಾಜಿನಲ್ಲಲ್ಲ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆರಿಹೋದರೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಹತ್ತಕ್ಕಿಂತ ಜಾಸ್ತಿ. ಇಲ್ಲಿನ ಸೆಕೆಗೆ ಮಾಗುವುದೂ ಬೇಗ. ಬಾಟಲಿಗೆ ಇಳಿಸಿದ ದಿನ ಆ ಲೆಕ್ಕ ಮುಗಿಯಿತು. 12 ವರ್ಷದ್ದು ಇನ್ನು 20 ವರ್ಷ ಇಟ್ಟರೂ 12 ವರ್ಷದ್ದೇ.

ನಿಜವಾಗಿ ಕೆಡುವವು ಬೇರೆ ಇವೆ. ಬೈಲೀಸ್‌ನಂಥ ಕ್ರೀಮ್ ಮದ್ಯದಲ್ಲಿ ಹಾಲಿನ ಕೆನೆ ಇದೆ. ತಯಾರಾದ ದಿನದಿಂದ ಎರಡು ವರ್ಷ ಅಂತ ಕಂಪನಿಯೇ ಹೇಳುತ್ತದೆ, ಅದೂ 25 ಡಿಗ್ರಿ ಒಳಗಿಟ್ಟರೆ. ವರ್ಮೂತ್, ಅಂದರೆ ಗಿಡಮೂಲಿಕೆ ಬೆರೆಸಿದ ವೈನ್, ತೆರೆದ ಮೇಲೆ ಫ್ರಿಜ್ಜಿನಲ್ಲೇ ಇರಬೇಕು, ಒಂದೆರಡು ತಿಂಗಳಲ್ಲಿ ಮುಗಿಸಬೇಕು. ತೆರೆದ ವೈನ್ ಫ್ರಿಜ್ಜಿನಲ್ಲಿಟ್ಟರೂ ಮೂರರಿಂದ ಐದು ದಿನ, ಅಷ್ಟೇ. ಉಡುಗೊರೆ ಬಂದ ಹಳೇ ಕ್ರಿಸ್ಟಲ್ ಗಾಜಿನ ಪಾತ್ರೆ ಇದ್ದರೆ ಅದರಲ್ಲಿ ಮದ್ಯ ತುಂಬಿಸಿ ಇಡಬೇಡಿ. ಅಂಥ ಗಾಜಿನಲ್ಲಿ ಸೀಸ ಇರುತ್ತದೆ, ದಿನ ಕಳೆದಂತೆ ಮದ್ಯಕ್ಕೆ ಇಳಿಯುತ್ತದೆ. ನೆಂಟರು ಬಂದ ರಾತ್ರಿ ಸುಮ್ನೆ ಅಂದಕ್ಕೆ ಬಳಸಿ, ಉಳಿದದ್ದನ್ನು ಬಾಟಲಿಗೆ ವಾಪಸ್ ಹಾಕಿ.

ಬಾರ್ ದೊಡ್ಡದು ಮಾಡುವ ಯೋಚನೆ ಇದ್ದರೆ, ಮನೆಯಲ್ಲಿ ಪರವಾನಗಿ ಇಲ್ಲದೆ ಎಷ್ಟು ಇಡಬಹುದು ಎನ್ನುವುದಕ್ಕೆ ಅಬಕಾರಿ ಕಾನೂನಿನ ಮಿತಿ ಇದೆ. ಹತ್ತಿರದ ಅಬಕಾರಿ ಕಚೇರಿಯಲ್ಲಿ ಮೊದಲು ಕೇಳಿಕೊಳ್ಳಿ. ಕಪಾಟಿಗೆ ಬೀಗ ಇರಲಿ, ಮನೆಯಲ್ಲಿ ಮಕ್ಕಳಿದ್ದರಂತೂ ಖಂಡಿತ. ಕ್ವಾರ್ಟರ್ ಬಾಟಲಿಗೆ ತುಂಬಿಸಿದ್ದರೆ ಮೇಲಿನ ಹಳೇ ಚೀಟಿ ಕಿತ್ತು, ಒಳಗೆ ಏನಿದೆ, ಯಾವತ್ತು ತುಂಬಿಸಿದ್ದು ಅಂತ ಮಾರ್ಕರ್‌ನಲ್ಲಿ ಬರೆಯಿರಿ. ಇಲ್ಲದಿದ್ದರೆ ಅಳಿಯಂದಿರ ಸ್ಕಾಚನ್ನು ಯಾರೋ ಅಗ್ಗದ ರಮ್ ಅಂದುಕೊಂಡು ಕೋಲಾಕ್ಕೆ ಬೆರೆಸಿಬಿಡುತ್ತಾರೆ.