ಈ ಮೆಮೊರಿ ಈಗ ಯಾರ ವಶದಲ್ಲಿದೆ?

ಈಥರ್‌ನೆಟ್ ಜಾಲದಲ್ಲಿ ಹರಿದಾಡುವ ಯಾವ ಫ್ರೇಮ್ (ಒಮ್ಮೆಗೆ ಕಳುಹಿಸುವ ದತ್ತಾಂಶದ ಕಟ್ಟು) ಕೂಡ 64 ಬೈಟ್‌ಗಳಿಗಿಂತ ಚಿಕ್ಕದಾಗಿರುವಂತಿಲ್ಲ. ಹಲವು ಕಂಪ್ಯೂಟರುಗಳು ಒಂದೇ ಕೇಬಲನ್ನು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ, ಇಬ್ಬರು ಏಕಕಾಲಕ್ಕೆ ಕಳುಹಿಸಿದ ಫ್ರೇಮ್‌ಗಳು ಡಿಕ್ಕಿ ಹೊಡೆದರೆ, ಕಳುಹಿಸಿ ಮುಗಿಸುವ ಮೊದಲೇ ಅದು ಇಬ್ಬರಿಗೂ ತಿಳಿಯಬೇಕೆಂದು ಮಾಡಿದ ನಿಯಮವಿದು. ಹಾಗೆ ಹಂಚಿಕೊಳ್ಳುವ ಕೇಬಲುಗಳು ಈಗ ಹೆಚ್ಚುಕಡಿಮೆ ಮರೆಯಾಗಿವೆ, ನಿಯಮ ಮಾತ್ರ ಉಳಿದಿದೆ. ಈ 64ರಲ್ಲಿ ಕೊನೆಯ 4 ಬೈಟ್‌ಗಳು ದೋಷಪತ್ತೆಗಾಗಿ ಸಾಮಾನ್ಯವಾಗಿ ನೆಟ್‌ವರ್ಕ್ ಕಾರ್ಡೇ ಸೇರಿಸುವಂಥವು. ಉಳಿದ 60 ಬೈಟ್‌ಗಳು ಹೇಗಾದರೂ ಭರ್ತಿಯಾಗಿರಬೇಕು. ಆದರೆ ‘ಈ ಐಪಿ ವಿಳಾಸ ಯಾರದು’ ಎಂದು ವಿಚಾರಿಸುವ ಎಆರ್‌ಪಿ ಸಂದೇಶದ ಉದ್ದ 28 ಬೈಟ್ ಮಾತ್ರ. 14 ಬೈಟ್‌ಗಳ ಹೆಡರ್ ಸೇರಿದರೆ 42. ಕೊರತೆ ಬೀಳುವ 18 ಬೈಟ್‌ಗಳ ಜಾಗದಲ್ಲಿ ಏನಿರಬೇಕು?

ಸೊನ್ನೆಗಳಿರಬೇಕು ಎಂದು ಅಂತರಜಾಲದ ತಾಂತ್ರಿಕ ದಾಖಲೆಗಳಲ್ಲೊಂದಾದ 1984ರ ಆರ್‌ಎಫ್‌ಸಿ 894 ಹೇಳಿತ್ತು. ಸೊನ್ನೆ ತುಂಬುವ ಕೆಲಸ ಮೇಲಿನ ಪ್ರೋಟೋಕಾಲ್ ಪದರದ್ದೋ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನದ್ದೋ ಅಥವಾ ಕಾರ್ಡಿನದ್ದೋ ಎಂಬುದು ಮಾತ್ರ ಸ್ಪಷ್ಟವಾಗಿ ಇತ್ಯರ್ಥವಾಗಿರಲಿಲ್ಲ. ಮೂವರಲ್ಲಿ ಪ್ರತಿಯೊಬ್ಬರೂ ಅದು ಮತ್ತೊಬ್ಬರ ಕೆಲಸವೆಂದು ಭಾವಿಸಿದಾಗ ಏನಾಗುತ್ತದೆ ಎಂಬುದು 2003ರ ಜನವರಿಯಲ್ಲಿ ಬಯಲಾಯಿತು. ಅಟ್‌ಸ್ಟೇಕ್ ಎಂಬ ಭದ್ರತಾ ಸಂಸ್ಥೆಯ ಓಫಿರ್ ಆರ್ಕಿನ್ ಮತ್ತು ಜೋಶ್ ಆಂಡರ್ಸನ್ ಪ್ರಕಟಿಸಿದ ವರದಿಯ ಪ್ರಕಾರ, ಅನೇಕ ಡ್ರೈವರುಗಳು ಚಿಕ್ಕ ಪ್ಯಾಕೆಟ್ಟನ್ನು (ಫ್ರೇಮ್ ಆಗಿ ಹೋಗಬೇಕಾದ ಸಂದೇಶವನ್ನು) ಬಫರ್ ಎಂಬ ತಾತ್ಕಾಲಿಕ ಮೆಮೊರಿಗೆ ಹಾಕಿ, ಉದ್ದವನ್ನು 60 ಎಂದು ಘೋಷಿಸಿ, ಬಫರಿನಲ್ಲಿ ಮೊದಲೇ ಬಿದ್ದಿದ್ದ ಹಳೆಯ ಬೈಟ್‌ಗಳ ಸಮೇತ ಕಾರ್ಡಿಗೆ ಒಪ್ಪಿಸುತ್ತಿದ್ದವು. ಮದುವೆಯ ಪಂಕ್ತಿಯಲ್ಲಿ ಎಂಜಲೆಲೆ ತೆಗೆಯದೆ ಮುಂದಿನವರನ್ನು ಕೂರಿಸಿದಂತಹ ಕೆಲಸ. ಅದೇ ಜಾಲದಲ್ಲಿರುವ ಯಾರಾದರೂ ‘ಇದ್ದೀಯಾ’ ಎಂದು ಕೇಳುವ ಒಂದು ಚಿಕ್ಕ ಪಿಂಗ್ ಸಂದೇಶ ಕಳುಹಿಸಿದರೆ ಸಾಕು, ಉತ್ತರದ ಬಾಲದಲ್ಲಿ ಬೇರೆ ಯಾರಿಗೋ ಹೋಗಿದ್ದ ಪ್ಯಾಕೆಟ್ಟಿನ ಅಥವಾ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಮೆಮೊರಿಯ ತುಣುಕು ಸಿಗುತ್ತಿತ್ತು. ಒಂದು ಸಲಕ್ಕೆ ಸಿಗುವುದು ಹದಿನೇಳು ಹದಿನೆಂಟು ಬೈಟ್ ಇರಬಹುದು, ಆದರೆ ಪಿಂಗ್ ಎಷ್ಟು ಸಲ ಬೇಕಾದರೂ ಕಳುಹಿಸಬಹುದು. ‘ಈಥರ್‌ಲೀಕ್’ ಎಂದು ಹೆಸರಾದ ಈ ದೋಷಕ್ಕೆ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2003-0001 ಎಂಬ ಸಂಖ್ಯೆ ಸಿಕ್ಕಿತು, ಅಂದರೆ ಆ ವರ್ಷದ ಪಟ್ಟಿಯ ಮೊದಲ ಸಂಖ್ಯೆ.

ದುರಸ್ತಿ ಸುಲಭವೆಂದೇ ತೋರುತ್ತದೆ: ಕಳುಹಿಸುವ ಮುನ್ನ ಕೊರತೆಯ ಜಾಗಕ್ಕೆ ಸೊನ್ನೆ ತುಂಬಿದರಾಯಿತು. ಲಿನಕ್ಸ್‌ನಲ್ಲಿ ಇದಕ್ಕಾಗಿ ‘ಎಸ್‌ಕೆಬಿ ಪ್ಯಾಡ್‌ಟು’ ಎಂಬ ಫಂಕ್ಷನ್ ಬಂದಿತು ಮತ್ತು ಹತ್ತಾರು ಡ್ರೈವರುಗಳು ಅದನ್ನು ಕರೆಯುವಂತೆ ತಿದ್ದಲ್ಪಟ್ಟವು. ಆದರೆ ಬಫರಿನಲ್ಲಿ ಜಾಗ ಸಾಲದಿದ್ದಾಗ ಈ ಫಂಕ್ಷನ್ ಹೊಸ ಮೆಮೊರಿ ಕೇಳಬೇಕಾಗುತ್ತದೆ, ಅದು ಸಿಗದೆಯೂ ಹೋಗಬಹುದು. ಸಿಗದಿದ್ದರೆ ಫಂಕ್ಷನ್ ಆ ಪ್ಯಾಕೆಟ್ಟನ್ನು ತಾನೇ ಬಿಡುಗಡೆ ಮಾಡಿ, ಅಂದರೆ ಅದರ ಮೆಮೊರಿಯನ್ನು ವ್ಯವಸ್ಥೆಗೆ ಮರಳಿಸಿ, ದೋಷಸಂಕೇತವನ್ನು ಹಿಂದಿರುಗಿಸುತ್ತದೆ. ಈ ಒಪ್ಪಂದವನ್ನು ಗಮನಿಸದ ಡ್ರೈವರ್ ಲೇಖಕರು, ದೋಷ ಬಂದಿತಲ್ಲ ಎಂದು ಪ್ಯಾಕೆಟ್ಟನ್ನು ಮತ್ತೊಮ್ಮೆ ಬಿಡುಗಡೆ ಮಾಡುವ ಸಾಲನ್ನು ಬರೆದರು. ಹೀಗೆ ಒಂದು ಸೋರಿಕೆಯನ್ನು ತಡೆಯಲು ಬಂದ ತಿದ್ದುಪಡಿ, ಒಂದೇ ಮೆಮೊರಿಯನ್ನು ಎರಡು ಸಲ ಬಿಡುಗಡೆ ಮಾಡುವ ಬೇರೊಂದು ದೋಷಕ್ಕೆ ದಾರಿ ಮಾಡಿತು. ವಿಫಲವಾದರೆ ಬಿಡುಗಡೆ ಮಾಡಬೇಕೋ ಬೇಡವೋ ಎಂಬುದನ್ನು ಕರೆಯುವವರೇ ತಿಳಿಸಬಹುದಾದ ಇನ್ನೊಂದು ರೂಪ ಸೇರಿದ್ದು 2017ರಲ್ಲಿ. ಇನ್ನು ಮೂಲ ಈಥರ್‌ಲೀಕ್ ಕೂಡ ಇತಿಹಾಸ ಸೇರಿತೆಂದು ಹೇಳುವಂತಿಲ್ಲ. 2021ರ ಜನವರಿಯಲ್ಲಿ ಪಾಲೋ ಆಲ್ಟೋ ನೆಟ್‌ವರ್ಕ್ಸ್ ಸಂಸ್ಥೆಯ ಕೆಲವು ಫೈರ್‌ವಾಲ್ ಮಾದರಿಗಳಲ್ಲಿ ಅದೇ ದೋಷ ಅದೇ ಹೆಸರಿನಲ್ಲಿ ಮತ್ತೆ ವರದಿಯಾಯಿತು.

ನೆಟ್‌ವರ್ಕ್ ಡ್ರೈವರಿನ ಮೆಮೊರಿ ದೋಷಗಳನ್ನು ಸಾಮಾನ್ಯವಾಗಿ ಸೋರಿಕೆ, ಬಿಟ್ಟ ಮೇಲಿನ ಬಳಕೆ, ಎರಡು ಸಲದ ಬಿಡುಗಡೆ ಎಂದು ವಿಂಗಡಿಸಿ ವಿವರಿಸುವುದು ರೂಢಿ. ನನಗೆ ಈ ವಿಂಗಡಣೆ ಲಕ್ಷಣಗಳ ಪಟ್ಟಿಯೆಂದೇ ತೋರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಮೂಲ ಒಂದೇ: ಒಂದು ಬಫರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಕ್ಷಣದಲ್ಲಿ ಅದರ ಹೊಣೆ ಯಾರದೆಂಬುದು ಇತ್ಯರ್ಥವಾಗದೆ ಉಳಿದಿರುತ್ತದೆ. ಹಾಗೆ ಕೈ ಬದಲಾಗುವ ಸಂದರ್ಭಗಳು ನೆಟ್‌ವರ್ಕ್ ಡ್ರೈವರಿನಲ್ಲಿರುವಷ್ಟು ಬೇರೆ ತಂತ್ರಾಂಶಗಳಲ್ಲಿ ವಿರಳ.

ಪ್ಯಾಕೆಟ್ ಹೋಗುವ ದಾರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಕರ್ನಲ್‌ನ ನೆಟ್‌ವರ್ಕ್ ಪದರ ಒಂದು ಪ್ಯಾಕೆಟ್ಟನ್ನು ಡ್ರೈವರಿಗೆ ಕೊಡುತ್ತದೆ. ಡ್ರೈವರ್ ಆ ಮೆಮೊರಿಯ ವಿಳಾಸವನ್ನು ಕಾರ್ಡಿಗೆ ಅರ್ಥವಾಗುವ ವಿಳಾಸವಾಗಿ ಪರಿವರ್ತಿಸಿ, ಉದ್ದದೊಡನೆ ‘ಡಿಸ್ಕ್ರಿಪ್ಟರ್’ ಎಂಬ ಚಿಕ್ಕ ದಾಖಲೆಯಲ್ಲಿ ಬರೆಯುತ್ತದೆ. ಇಂಥ ಕೆಲವು ನೂರು ದಾಖಲೆಗಳು ಮೆಮೊರಿಯಲ್ಲಿ ಒಂದು ಉಂಗುರದಂತೆ ಜೋಡಣೆಗೊಂಡಿರುತ್ತವೆ. ಕೊನೆಯದರ ನಂತರ ಮತ್ತೆ ಮೊದಲನೆಯದು. ದಾಖಲೆ ಸಿದ್ಧವಾದ ಮೇಲೆ ಡ್ರೈವರ್ ಕಾರ್ಡಿನ ಒಂದು ರಿಜಿಸ್ಟರಿಗೆ ಬರೆದು ಅದನ್ನು ತಿಳಿಸುತ್ತದೆ. ಅಲ್ಲಿಂದ ಮುಂದೆ ಕಾರ್ಡು ಪ್ರೊಸೆಸರಿನ ನೆರವಿಲ್ಲದೆ, ಡಿಎಂಎ ಮೂಲಕ ತಾನೇ ಮೆಮೊರಿಯನ್ನು ಓದುತ್ತದೆ. ಕಳುಹಿಸಿ ಮುಗಿದ ಮೇಲೆ ದಾಖಲೆಯಲ್ಲಿ ಒಂದು ಬಿಟ್ ಬದಲಿಸಿ ‘ಮುಗಿಯಿತು’ ಎಂದು ಗುರುತು ಹಾಕುತ್ತದೆ, ಮತ್ತು ಆಗ ಮಾತ್ರ ಡ್ರೈವರ್ ಆ ಮೆಮೊರಿಯನ್ನು ಬಿಡುಗಡೆ ಮಾಡಬಹುದು. ಒಳಬರುವ ಪ್ಯಾಕೆಟ್ಟುಗಳಿಗೂ ಇಂಥದೇ ಉಂಗುರವಿದೆ, ಅಲ್ಲಿ ಕಾರ್ಡು ಓದುವುದರ ಬದಲು ಬರೆಯುತ್ತದೆ. ಸೆಕೆಂಡಿಗೆ 10 ಗಿಗಾಬಿಟ್ ವೇಗದ ಕಾರ್ಡಿನಲ್ಲಿ ಅತಿ ಚಿಕ್ಕ ಫ್ರೇಮ್‌ಗಳು ಪೂರ್ಣ ವೇಗದಲ್ಲಿ ಬಂದರೆ ಸೆಕೆಂಡಿಗೆ ಸುಮಾರು 1.48 ಕೋಟಿ ಫ್ರೇಮ್‌ಗಳಾಗುತ್ತವೆ, ಅಂದರೆ ಪ್ರತಿ ಫ್ರೇಮ್‌ಗೆ ಸಿಗುವ ಅವಧಿ 67.2 ನ್ಯಾನೊಸೆಕೆಂಡ್. ಈ ವೇಗದಲ್ಲಿ ಪ್ರತಿ ಬಫರಿನ ಹಸ್ತಾಂತರವನ್ನೂ ನಿಂತು ಪರಿಶೀಲಿಸುವಷ್ಟು ವ್ಯವಧಾನ ಯಾವ ಡ್ರೈವರಿಗೂ ಇಲ್ಲ.

ಇಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಒಂದು ತಪ್ಪನ್ನು ಸ್ವಲ್ಪ ವಿವರವಾಗಿ ನೋಡಬಹುದು. ಡ್ರೈವರ್ ಪ್ಯಾಕೆಟ್ಟನ್ನು ಉಂಗುರಕ್ಕೆ ಹಾಕಿ, ಕಾರ್ಡಿಗೆ ಸೂಚನೆ ಕೊಟ್ಟು, ಕೊನೆಯಲ್ಲಿ ‘ಇಷ್ಟು ಬೈಟ್ ಕಳುಹಿಸಿದೆ’ ಎಂದು ಲೆಕ್ಕ ಬರೆಯಲು ಪ್ಯಾಕೆಟ್ಟಿನ ಉದ್ದವನ್ನು ಓದುತ್ತದೆ. ಮೇಲಿನಿಂದ ಕೆಳಗೆ ಓದುವವರಿಗೆ ಈ ಕೋಡಿನಲ್ಲಿ ಯಾವ ಲೋಪವೂ ಕಾಣುವುದಿಲ್ಲ. ಆದರೆ ಸೂಚನೆ ಕೊಟ್ಟ ಕ್ಷಣದಿಂದ ಪ್ಯಾಕೆಟ್ ಡ್ರೈವರಿನ ಈ ಭಾಗದ ವಶದಲ್ಲಿಲ್ಲ. ಕಾರ್ಡು ಅದನ್ನು ಆಗಲೇ ಕಳುಹಿಸಿ ಮುಗಿಸಿರಬಹುದು, ಇನ್ನೊಂದು ಪ್ರೊಸೆಸರ್ ‘ಮುಗಿಯಿತು’ ಎಂಬ ಗುರುತನ್ನು ನೋಡಿ ಮೆಮೊರಿಯನ್ನು ಬಿಡುಗಡೆಯೂ ಮಾಡಿರಬಹುದು, ಆ ಜಾಗ ಬೇರೆ ಕೆಲಸಕ್ಕೆ ಹಂಚಿಕೆಯೂ ಆಗಿರಬಹುದು. ಆಗ ಓದಿದ ಉದ್ದ ಅರ್ಥವಿಲ್ಲದ ಸಂಖ್ಯೆ. ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆಯುವ ಇಂಥ ಡ್ರೈವರ್, ಭಾರ ಹೆಚ್ಚಿರುವ ಸರ್ವರಿನಲ್ಲಿ ಎಂದೋ ಒಂದು ದಿನ ಕಾರಣ ತಿಳಿಯದಂತೆ ಬಿದ್ದುಹೋಗುತ್ತದೆ. ಪರಿಹಾರವೆಂದರೆ ಉದ್ದವನ್ನು ಸೂಚನೆಗೆ ಮೊದಲೇ ಒಂದು ಸ್ಥಳೀಯ ವೇರಿಯೇಬಲ್‌ಗೆ ನಕಲು ಮಾಡಿಟ್ಟುಕೊಳ್ಳುವುದು. ಬದಲಾಗುವುದು ಒಂದೆರಡು ಸಾಲುಗಳ ಸ್ಥಾನ ಅಷ್ಟೇ.

ಇನ್ನೊಂದು ಸ್ಥಾನಪಲ್ಲಟದ ತಪ್ಪು ಡ್ರೈವರನ್ನು ತೆಗೆದುಹಾಕುವಾಗ ಆಗುವಂಥದ್ದು. ಲಿನಕ್ಸ್‌ನಲ್ಲಿ ಡ್ರೈವರಿನ ಖಾಸಗಿ ದತ್ತಾಂಶ ನೆಟ್‌ವರ್ಕ್ ಸಾಧನದ ರಚನೆಗೇ ಅಂಟಿಕೊಂಡ ಮೆಮೊರಿಯಲ್ಲಿರುತ್ತದೆ. ಆ ರಚನೆಯನ್ನು ಬಿಡುಗಡೆ ಮಾಡಿದ ನಂತರದ ಸಾಲಿನಲ್ಲಿ ಖಾಸಗಿ ದತ್ತಾಂಶದಿಂದ ಏನನ್ನಾದರೂ ಓದಿದರೆ, ಅದು ಬಿಟ್ಟುಕೊಟ್ಟ ಮೆಮೊರಿಯ ಬಳಕೆ.

ಮೆಮೊರಿ ಬಿಡುಗಡೆಯಾಗದೆ ಕಳೆದುಹೋಗುವ ಸೋರಿಕೆಗಳು ಹೆಚ್ಚಾಗಿ ಅಡಗಿರುವುದು ವಿಫಲತೆಯ ದಾರಿಗಳಲ್ಲಿ. ಕಳುಹಿಸುವ ಫಂಕ್ಷನ್ ‘ಸರಿ’ ಎಂದು ಉತ್ತರಿಸಿದರೆ ಪ್ಯಾಕೆಟ್ಟಿನ ಹೊಣೆ ಡ್ರೈವರಿನದು, ‘ಈಗ ಬಿಡುವಿಲ್ಲ’ ಎಂದು ಉತ್ತರಿಸಿದರೆ ಹೊಣೆ ಕರೆದವರ ಬಳಿಯೇ ಉಳಿಯುತ್ತದೆ ಎಂಬುದು ಲಿನಕ್ಸ್‌ನ ನಿಯಮ. ಡಿಎಂಎ ವಿಳಾಸ ಸಿಗದೆ ಹೋದಾಗ ಡ್ರೈವರ್ ಪ್ಯಾಕೆಟ್ಟನ್ನು ಬಿಡುಗಡೆ ಮಾಡಿಯೇ ‘ಸರಿ’ ಎನ್ನಬೇಕು. ಬಿಡುಗಡೆ ಮಾಡದೆ ‘ಸರಿ’ ಎಂದರೆ ಆ ಮೆಮೊರಿಯನ್ನು ಕೇಳುವವರು ಯಾರೂ ಇಲ್ಲ. ಬಿಡುಗಡೆ ಮಾಡಿ ‘ಬಿಡುವಿಲ್ಲ’ ಎಂದರೆ ಕರೆದವರು ಸತ್ತ ಪ್ಯಾಕೆಟ್ಟನ್ನು ಮತ್ತೆ ಕಳುಹಿಸಲು ಹೊರಡುತ್ತಾರೆ. 2 ಕಿಲೋಬೈಟ್‌ನ ಬಫರ್ ಸೆಕೆಂಡಿಗೆ ಒಂದರಂತೆ ಸೋರಿದರೂ ದಿನಕ್ಕೆ ಸುಮಾರು 170 ಮೆಗಾಬೈಟ್ ಕಳೆದುಹೋಗುತ್ತದೆ. ಈ ದಾರಿಗಳು ನಿತ್ಯದ ಬಳಕೆಯಲ್ಲಿ ಕಾರ್ಯಗತವಾಗುವುದೇ ಅಪರೂಪವಾದ್ದರಿಂದ, ಮೆಮೊರಿ ಕೋರಿಕೆಗಳು ಬೇಕೆಂದೇ ವಿಫಲವಾಗುವಂತೆ ಮಾಡಿ ಡ್ರೈವರನ್ನು ಪರೀಕ್ಷಿಸುವ ಸೌಲಭ್ಯ ಲಿನಕ್ಸ್ ಕರ್ನಲ್‌ನಲ್ಲಿದೆ. ಅದನ್ನು ಬಳಸುವವರು ಮಾತ್ರ ಇನ್ನೂ ಕಡಿಮೆ.

ದೋಷ ಕಾಣಿಸುವ ಜಾಗ ಒಂದು, ದೋಷವಿರುವ ಜಾಗ ಇನ್ನೊಂದು ಎಂಬುದಕ್ಕೆ 2008ರ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪರೀಕ್ಷಾರ್ಥ ಆವೃತ್ತಿಗಳನ್ನು ಬಳಸುತ್ತಿದ್ದ ಕೆಲವರ ಯಂತ್ರಗಳಲ್ಲಿ ಇಂಟೆಲ್‌ನ ನೆಟ್‌ವರ್ಕ್ ಕಾರ್ಡುಗಳು ಏಕಾಏಕಿ ಸತ್ತವು. ಮರುಚಾಲನೆ ಮಾಡಿದರೂ, ಹಳೆಯ ಆವೃತ್ತಿಗೆ ಮರಳಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಕಾರ್ಡಿನ ವಿಳಾಸ ಮತ್ತು ಹೊಂದಾಣಿಕೆಗಳನ್ನು ಇಟ್ಟುಕೊಳ್ಳುವ ಶಾಶ್ವತ ಮೆಮೊರಿಯೇ ಕೆಟ್ಟಿತ್ತು. ತಂತ್ರಾಂಶದ ದೋಷವೊಂದು ಯಂತ್ರಾಂಶವನ್ನೇ ನಿರುಪಯುಕ್ತಗೊಳಿಸಿದ ಈ ಸುದ್ದಿಯಿಂದ ಗಾಬರಿಯಾದದ್ದು ಸಹಜ. ಓಪನ್‌ಸೂಸೆ, ಉಬುಂಟು, ಮ್ಯಾಂಡ್ರಿವಾಗಳ ಪರೀಕ್ಷಾ ಆವೃತ್ತಿಗಳನ್ನು ಬಳಸುವವರಿಗೆ ಎಚ್ಚರಿಕೆಗಳು ಹೋದವು. ಅನುಮಾನ ಬಿದ್ದದ್ದು ಆ ಕಾರ್ಡಿನ ‘ಇ1000ಇ’ ಡ್ರೈವರಿನ ಮೇಲೆ. ಇಂಟೆಲ್‌ನ ಎಂಜಿನಿಯರುಗಳು ಆ ಶಾಶ್ವತ ಮೆಮೊರಿಗೆ ಬರೆಯುವುದನ್ನು ತಡೆಯುವ ಬೀಗವನ್ನು ಡ್ರೈವರಿಗೆ ಸೇರಿಸಿದರು, ಅಕ್ಟೋಬರ್ 9ರಂದು 2.6.27 ಬಿಡುಗಡೆಯೂ ಆಯಿತು. ಹಾನಿ ನಿಂತರೂ ಕಾರಣ ಇನ್ನೂ ತಿಳಿದಿರಲಿಲ್ಲ.

ಕಾರಣ ಸಿಕ್ಕಿದ್ದು ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಜಾಗದಲ್ಲಿ. ಕರ್ನಲ್‌ನ ಫಂಕ್ಷನ್‌ಗಳ ಜಾಡು ಹಿಡಿಯುವ ‘ಎಫ್‌ಟ್ರೇಸ್’ ಎಂಬ ವ್ಯವಸ್ಥೆ ಆಗಷ್ಟೇ ಬಂದಿತ್ತು. ಜಾಡು ಹಿಡಿಯುವುದು ಬೇಡವಾದಾಗ ವೇಗ ಕುಂದಬಾರದೆಂದು ಅದು ಓಡುತ್ತಿರುವ ಕೋಡಿನಲ್ಲಿ ತನ್ನ ಕರೆಗಳಿರುವ ವಿಳಾಸಗಳನ್ನು ಪಟ್ಟಿ ಮಾಡಿಟ್ಟುಕೊಂಡು, ಸ್ವಲ್ಪ ಹೊತ್ತಿನ ನಂತರ ಅಲ್ಲಿಗೆ ಹೋಗಿ ಆ ಕರೆಗಳನ್ನು ಅಳಿಸುತ್ತಿತ್ತು. ಆದರೆ ಬೇಕಾದಾಗ ಕರ್ನಲ್‌ಗೆ ಸೇರಿಸುವ ಮಾಡ್ಯೂಲ್‌ಗಳ ಆರಂಭಿಕ ಭಾಗದ ಕೋಡ್ ಒಮ್ಮೆ ಓಡಿದ ಮೇಲೆ ಮೆಮೊರಿಯಿಂದ ತೆರವಾಗುತ್ತದೆ. ಹಾಗೆ ತೆರವಾದ ವಿಳಾಸಗಳು ಎಫ್‌ಟ್ರೇಸ್‌ನ ಪಟ್ಟಿಯಲ್ಲಿ ಉಳಿದೇ ಇದ್ದವು, ಮತ್ತು ಕೆಲವು ಯಂತ್ರಗಳಲ್ಲಿ ಆ ವಿಳಾಸಗಳಿಗೇ ನೆಟ್‌ವರ್ಕ್ ಕಾರ್ಡಿನ ಶಾಶ್ವತ ಮೆಮೊರಿಯನ್ನು ಜೋಡಿಸಲಾಗಿತ್ತು. ಎಫ್‌ಟ್ರೇಸ್ ಬರೆದವರು ಎಚ್ಚರಿಕೆಯಿಲ್ಲದೆ ಬರೆದಿದ್ದರೆಂದು ಹೇಳುವುದು ಅನ್ಯಾಯ. ಅಲ್ಲಿರುವುದು ತಾನು ನಿರೀಕ್ಷಿಸಿದ ಕೋಡೇ ಆಗಿದ್ದರೆ ಮಾತ್ರ ಬದಲಿಸುವ, ಹೋಲಿಸಿ ಬದಲಿಸುವ ಪ್ರೊಸೆಸರ್ ಆದೇಶವನ್ನು ಅವರು ಬಳಸಿದ್ದರು. ಸಾಧಾರಣ ಮೆಮೊರಿಯಲ್ಲಿ ಅದು ಸುರಕ್ಷಿತ, ಏಕೆಂದರೆ ಹೋಲಿಕೆ ತಪ್ಪಿದಾಗ ಆ ಆದೇಶ ಇದ್ದ ಮೌಲ್ಯವನ್ನೇ ಮರಳಿ ಬರೆಯುತ್ತದೆ, ಬದಲಾವಣೆ ಏನೂ ಆಗುವುದಿಲ್ಲ. ಸಾಧನದ ಮೆಮೊರಿಯಲ್ಲಿ ಬರೆಯುವುದೇ ಒಂದು ಆಜ್ಞೆ. ಏನನ್ನು ಬರೆದರೂ ಪರಿಣಾಮವಿದೆ. ಅಕ್ಟೋಬರ್ 15ರಂದು ಬಂದ 2.6.27.1 ಆವೃತ್ತಿಯಲ್ಲಿ ಎಫ್‌ಟ್ರೇಸ್‌ನ ಆ ಭಾಗವನ್ನು ನಿಷ್ಕ್ರಿಯಗೊಳಿಸಲಾಯಿತು, ಮುಂದಿನ ಆವೃತ್ತಿಯಲ್ಲಿ ಅದರ ವಿನ್ಯಾಸವೇ ಬದಲಾಯಿತು. ಡ್ರೈವರಿಗೆ ಹಾಕಿದ ಬೀಗ ಒಳ್ಳೆಯದೇ, ಆದರೆ ಅಷ್ಟಕ್ಕೇ ತೃಪ್ತರಾಗಿದ್ದರೆ ಅದೇ ಅಲೆದಾಡುವ ವಿಳಾಸಗಳು ಮುಂದೆ ಬೇರೆ ಯಾವುದೋ ಸಾಧನದ ಮೇಲೆ ಬರೆಯುತ್ತಿದ್ದವು.

ಇಂದು ಇಂಥ ದೋಷಗಳನ್ನು ಹುಡುಕಲು ಆಗ ಇಲ್ಲದಿದ್ದ ಉಪಕರಣಗಳಿವೆ. 2015ರ ಲಿನಕ್ಸ್ 4.0ರಲ್ಲಿ ಸೇರಿದ ‘ಕೆಎಸಾನ್’ ಪ್ರತಿ 8 ಬೈಟ್ ಮೆಮೊರಿಗೆ 1 ಬೈಟ್‌ನ ನೆರಳುದಾಖಲೆ ಇಟ್ಟು, ಬಿಟ್ಟುಕೊಟ್ಟ ಮೆಮೊರಿಯನ್ನು ಕೋಡ್ ಮುಟ್ಟಿದ ಕೂಡಲೇ ಎಲ್ಲಿ ಹಂಚಿಕೆಯಾಯಿತು, ಎಲ್ಲಿ ಬಿಡುಗಡೆಯಾಯಿತು ಎಂಬುದರ ಸಮೇತ ವರದಿ ಮಾಡುತ್ತದೆ. ಅದಕ್ಕೆ ಕಾಣುವುದು ಪ್ರೊಸೆಸರ್ ಮಾಡುವ ಓದು ಬರಹ ಮಾತ್ರ. ಕಾರ್ಡು ಡಿಎಂಎ ಮೂಲಕ ಬರೆದದ್ದು ಕಾಣುವುದಿಲ್ಲ. ಕಾರ್ಡಿನ ಕೈ ತಡೆಯಬಲ್ಲದ್ದು ಐಒಎಂಎಂಯು ಎಂಬ ಯಂತ್ರಾಂಶ ಘಟಕ, ಆದರೆ ಅದು ಕಾವಲು ಕಾಯುವುದು ಸಾಮಾನ್ಯವಾಗಿ 4096 ಬೈಟ್‌ಗಳ ಪುಟದ ಲೆಕ್ಕದಲ್ಲಿ. ವೇಗಕ್ಕಾಗಿ ಒಂದೇ ಪುಟವನ್ನು ಎರಡು ಹೋಳು ಮಾಡಿ ಎರಡು ಬಫರ್‌ಗಳಾಗಿ ಬಳಸುವ ಡ್ರೈವರುಗಳಿವೆ. ಅಲ್ಲಿ ಒಂದು ಹೋಳನ್ನು ಹಿಂದಕ್ಕೆ ಪಡೆದಮೇಲೂ ಕಾರ್ಡು ಅದರೊಳಗೆ ಬರೆದರೆ ಐಒಎಂಎಂಯು ಆಕ್ಷೇಪಿಸುವುದಿಲ್ಲ.

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಈಗ ನಿರೀಕ್ಷೆ ಹೆಚ್ಚಿದೆ. ಮೆಮೊರಿಯ ಒಡೆತನ ಯಾರದೆಂಬುದನ್ನು, ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರೇ ಲೆಕ್ಕವಿಟ್ಟು, ಕೊಟ್ಟುಬಿಟ್ಟದ್ದನ್ನು ಮತ್ತೆ ಮುಟ್ಟುವ ಕೋಡನ್ನು ತಿರಸ್ಕರಿಸುವುದರಿಂದ, ಮೇಲೆ ಹೇಳಿದ ಉದ್ದ ಓದುವಂಥ ತಪ್ಪುಗಳು ಯಂತ್ರ ಸೇರುವ ಮೊದಲೇ ಸಿಕ್ಕಿಬೀಳಬೇಕು. 2022ರ ಡಿಸೆಂಬರಿನ ಲಿನಕ್ಸ್ 6.1ರಲ್ಲಿ ರಸ್ಟ್‌ಗೆ ಮೊದಲ ಪ್ರವೇಶ ಸಿಕ್ಕಿತು, 2024ರ 6.8ರಲ್ಲಿ ನೆಟ್‌ವರ್ಕ್ ವಿಭಾಗಕ್ಕೆ ರಸ್ಟ್‌ನಲ್ಲಿ ಬರೆದ ಡ್ರೈವರ್ ಬಂದಿತು. ಆದರೆ ಅದು ಕೇಬಲಿನ ಸಂಕೇತಗಳನ್ನು ನೋಡಿಕೊಳ್ಳುವ ಚಿಪ್‌ನ ಡ್ರೈವರ್. ಕೆಲವು ರಿಜಿಸ್ಟರುಗಳನ್ನು ಓದಿ ಬರೆಯುವುದಷ್ಟೇ ಅದರ ಕೆಲಸ, ಪ್ಯಾಕೆಟ್ಟುಗಳ ಬಫರನ್ನು ಅದು ಮುಟ್ಟುವುದೇ ಇಲ್ಲ. ಡಿಸ್ಕ್ರಿಪ್ಟರ್ ಉಂಗುರದ ಆಚೆ ತುದಿಯಲ್ಲಿರುವ ಕಾರ್ಡು ಯಾವ ಕಂಪೈಲರಿನ ನಿಯಮಕ್ಕೂ ಒಳಪಟ್ಟದ್ದಲ್ಲವಾದ್ದರಿಂದ, ಬಫರ್ ಅದರ ಕೈಗೆ ದಾಟುವ ಮತ್ತು ಅಲ್ಲಿಂದ ಮರಳುವ ಆ ಎರಡು ಜಾಗಗಳಲ್ಲಿ ರಸ್ಟ್‌ನಲ್ಲೂ ‘ಅನ್‌ಸೇಫ್’ ಎಂದು ಗುರುತು ಹಾಕಿದ ಕೋಡನ್ನೇ ಬರೆಯಬೇಕಾಗುತ್ತದೆ, ಮತ್ತು ಅಷ್ಟು ಸಾಲುಗಳನ್ನು ಪರಿಶೀಲಿಸುವ ಹೊಣೆ ಓದುವ ಮನುಷ್ಯರ ಮೇಲೆಯೇ ಇದೆ.