ಆ ಒಂದು ವೋಟು ಬಿದ್ದಿದ್ದರೆ ಸಂತೇಮರಹಳ್ಳಿಯಲ್ಲಿ ಏನಾಗುತ್ತಿತ್ತು?

ಪ್ರಶ್ನೆ: ಸರ್, ಸಂತೇಮರಹಳ್ಳಿ ಕ್ಷೇತ್ರದಲ್ಲಿ ಒಬ್ಬರು ಒಂದೇ ವೋಟಿನಿಂದ ಸೋತಿದ್ದರಂತೆ, ನಿಜವೇ? ಅವರ ಡ್ರೈವರ್ ಬಂದು ವೋಟು ಹಾಕಿದ್ದರೆ ಗೆದ್ದುಬಿಡುತ್ತಿದ್ದರಂತಲ್ಲ?

ಚುನಾವಣೆ ಹತ್ತಿರ ಬಂತೆಂದರೆ ಈ ಪ್ರಶ್ನೆಯೂ ಬಂತು. ಎಷ್ಟು ಸಲ ಉತ್ತರ ಹೇಳಿದ್ದೇನೋ ಲೆಕ್ಕವಿಟ್ಟಿಲ್ಲ. ಈ ಸಲ ಬಿಡಿಸಿ ಬರೆದುಬಿಡುತ್ತೇನೆ.

ಮೊದಲ ಮಾತು ನಿಜ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂತು. ಅಂತರ ಒಂದೇ.

ಎರಡನೆಯ ಮಾತು ಸುಳ್ಳು. ಪಾಠ ಮಾಡುವವರೂ ಭಾಷಣ ಮಾಡುವವರೂ ಇದನ್ನು ಹೇಳುತ್ತಲೇ ಇರುವುದರಿಂದ ಬೇರುಬಿಟ್ಟಿದೆ. ದಯವಿಟ್ಟು ಒಂದು ಕಾಗದ ತೆಗೆದುಕೊಂಡು ಕೂಡಿ ನೋಡಿ. 40,751ಕ್ಕೆ ಒಂದು ಸೇರಿಸಿದರೆ 40,752. ಎದುರಾಳಿಗೆ ಬಂದದ್ದೂ ಅಷ್ಟೇ. ಅಂದರೆ ಸಮ ಸಮ! ಮನೆಯಲ್ಲೇ ಉಳಿದ ಒಬ್ಬರು ಬಂದು ಹಾಕಿದ್ದರೆ ಕೃಷ್ಣಮೂರ್ತಿಯವರು ಗೆಲ್ಲುತ್ತಿರಲಿಲ್ಲ, ಅದಕ್ಕೆ ಇಬ್ಬರು ಬರಬೇಕಿತ್ತು. ಒಂದೇ ವೋಟಿನಿಂದ ಗೆಲ್ಲುವ ದಾರಿಯೂ ಒಂದಿತ್ತು. ಧ್ರುವನಾರಾಯಣ ಅವರಿಗೆ ಹಾಕಿದವರಲ್ಲಿ ಒಬ್ಬರು ಮನಸ್ಸು ಬದಲಿಸಿ ಈ ಕಡೆ ಒತ್ತಿದ್ದರೆ ಅಂಕಿಗಳು ಹಾಗೆಯೇ ಅದಲುಬದಲಾಗುತ್ತಿದ್ದವು. ಬಾರದೇ ಉಳಿದ ವೋಟು ಬೇರೆ, ಆ ಕಡೆ ಹೋದ ವೋಟು ಬೇರೆ. ಈ ವ್ಯತ್ಯಾಸ ಅರ್ಥವಾದರೆ ಅರ್ಧ ಉತ್ತರ ಸಿಕ್ಕಂತೆ.

ಸಮ ಬಂದರೆ ಏನು ಮಾಡುತ್ತಾರೆ? ಮರುಚುನಾವಣೆ ಅಂತ ಹತ್ತರಲ್ಲಿ ಎಂಟು ಜನ ಹೇಳುತ್ತಾರೆ. ಅದೂ ತಪ್ಪು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 65ನೇ ಕಲಂ ತೆಗೆದು ನೋಡಿ. ಎಣಿಕೆ ಮುಗಿದ ಮೇಲೆ ಇಬ್ಬರಿಗೂ ಸಮ ಮತ ಬಂದು, ಇನ್ನೊಂದು ಮತ ಸೇರಿದರೆ ಯಾರಾದರೂ ಗೆಲ್ಲುವಂತಿದ್ದರೆ, ಚುನಾವಣಾಧಿಕಾರಿ ಅಲ್ಲೇ, ತಡಮಾಡದೆ ಚೀಟಿ ಎತ್ತಬೇಕು. ಚೀಟಿ ಯಾರ ಪಾಲಿಗೆ ಬರುತ್ತದೋ ಅವರಿಗೆ ಒಂದು ಮತ ಹೆಚ್ಚು ಬಂದಿದೆ ಎಂದು ಭಾವಿಸಿ ಫಲಿತಾಂಶ ಘೋಷಿಸಬೇಕು. ಗ್ರಾಮ ಪಂಚಾಯಿತಿ ಎಣಿಕೆ ಕಂಡವರಿಗೆ ಚೀಟಿ ಎತ್ತುವುದು ಹೊಸದೇನಲ್ಲ. 2017ರಲ್ಲಿ ಮುಂಬೈ ಮಹಾನಗರ ಪಾಲಿಕೆಯ ಒಂದು ವಾರ್ಡು ತೀರ್ಮಾನವಾದದ್ದೂ ಹೀಗೆಯೇ.

ಈಗ ಮತ್ತೆ ಸಂತೇಮರಹಳ್ಳಿಗೆ ಬನ್ನಿ. ಆ ವೋಟು ಬಿದ್ದು ಸಮವಾಗಿ, ಚೀಟಿ ಎತ್ತಿದ್ದರೂ ಕಾಯ್ದೆಯ ಲೆಕ್ಕದಲ್ಲಿ ಒಬ್ಬರಿಗೆ 40,753, ಇನ್ನೊಬ್ಬರಿಗೆ 40,752. ಆಗಲೂ ಗೆಲುವಿನ ಅಂತರ ಒಂದೇ ಆಗಿರುತ್ತಿತ್ತು. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದಾಗ ಮಕ್ಕಳ ಮುಖ ಅರಳುವುದನ್ನು ನೋಡುವುದೇ ನನಗೆ ಖುಷಿ.

ಇನ್ನು ಡ್ರೈವರ್ ವಿಚಾರ. ಮತದಾನದ ದಿನ ರಜೆ ಸಿಗಲಿಲ್ಲ, ಅದಕ್ಕೇ ವೋಟು ತಪ್ಪಿತು ಎಂಬುದು ಕತೆ. ಆದರೆ ಮತ ಗುಪ್ತ. ಬಂದಿದ್ದರೂ ಆ ಮನುಷ್ಯ ಯಾವ ಗುಂಡಿ ಒತ್ತುತ್ತಿದ್ದರು ಎಂದು ಹೇಳಲು ಇನ್ನೊಬ್ಬರಿಂದ ಆಗುವುದಿಲ್ಲ. ಅನ್ನ ಕೊಟ್ಟವರಿಗೇ ವೋಟು ಎಂದು ನಾವೇ ತೀರ್ಮಾನಿಸುವುದು ಆ ಮತದಾರನಿಗೆ ಮಾಡುವ ಅವಮಾನ. ಇಷ್ಟಕ್ಕೂ ಅವತ್ತು ಬಾರದವರು ಒಬ್ಬರೇ ಏನು?

ನಾನು ಮತಗಟ್ಟೆ ಅಧಿಕಾರಿಯಾಗಿ ಕೂತಿದ್ದೇನೆ. ಸಮಯ ಮುಗಿಯುತ್ತಿದ್ದಂತೆ ಸಾಲಿನಲ್ಲಿ ನಿಂತವರಿಗೆ ಸಹಿ ಹಾಕಿದ ಚೀಟಿ ಹಂಚಬೇಕು. ಹಂಚುವುದು ಹಿಂದಿನಿಂದ, ಕಟ್ಟಕಡೆಗೆ ನಿಂತವರಿಗೆ ಒಂದನೇ ನಂಬರು. ಅವರ ಹಿಂದೆ ಮತ್ತೊಬ್ಬರು ಸೇರಿಕೊಳ್ಳಬಾರದು ಎಂದೇ ಹೀಗೆ. ಒಮ್ಮೆ ಚೀಟಿ ಹಂಚಿದ ಮೇಲೆ ಒಬ್ಬರು ಹೊಲದಿಂದ ಓಡಿ ಬಂದರು. ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಕೈಮುಗಿದು ವಾಪಸ್ ಕಳಿಸಿದೆ. ಆ ಮುಖ ಇವತ್ತಿಗೂ ಮರೆತಿಲ್ಲ. ಅಂಥವರು ಪ್ರತಿ ಕ್ಷೇತ್ರದಲ್ಲೂ ಇರುತ್ತಾರೆ. ಎಲ್ಲ ಭಾರವನ್ನೂ ಒಬ್ಬ ಡ್ರೈವರ್ ತಲೆಗೆ ಕಟ್ಟುವುದು ಯಾವ ನ್ಯಾಯ?

ಯಾರೂ ಕೇಳದ ಇನ್ನೊಂದು ವಿಷಯವಿದೆ. ಆ ಕ್ಷೇತ್ರ ಈಗ ಎಲ್ಲಿದೆ? ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. 2001ರ ಜನಗಣತಿ ಆಧಾರದ ಮೇಲೆ ಕ್ಷೇತ್ರ ಪುನರ್ವಿಂಗಡಣೆಯಾದಾಗ ಸಂತೇಮರಹಳ್ಳಿ ಕ್ಷೇತ್ರವೇ ರದ್ದಾಯಿತು. ಹೊಸ ಗಡಿಗಳಲ್ಲಿ ಮೊದಲು ಚುನಾವಣೆ ಎದುರಿಸಿದ ರಾಜ್ಯ ನಮ್ಮದು, 2008ರಲ್ಲಿ. ಜಿಲ್ಲೆಗೆ ಉಳಿದದ್ದು ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಹನೂರು. ಸಂತೇಮರಹಳ್ಳಿ ಸುತ್ತಿನ ಊರುಗಳೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿರುವ ಯಳಂದೂರು ತಾಲ್ಲೂಕೂ ಕೊಳ್ಳೇಗಾಲಕ್ಕೆ ಸೇರಿದವು.

ಇದು ಬರೀ ಗೆರೆ ಎಳೆದ ಕೆಲಸವಲ್ಲ. ಯಳಂದೂರು ಹಳೇ ಮೈಸೂರಿನದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದಿದ್ದ ಸೀಮೆ. ಕೊಳ್ಳೇಗಾಲವೋ 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಎರಡು ಸರ್ಕಾರಗಳ ಕಂದಾಯ ಕಟ್ಟಿದ ಅಜ್ಜಂದಿರ ಮೊಮ್ಮಕ್ಕಳು ಈಗ ಒಬ್ಬನೇ ಶಾಸಕನನ್ನು ಆರಿಸುತ್ತಾರೆ. ನಾನು ಈ ಸೀಮೆಯ ರಾಜಕೀಯದ ಬಗ್ಗೆ ಮಾತಾಡುವಾಗ ಡ್ರೈವರ್ ಕತೆಗಿಂತ ಇದನ್ನು ಮೊದಲು ಹೇಳುತ್ತೇನೆ.

ಆ ಇಬ್ಬರೂ ಇದೇ ಕೊಳ್ಳೇಗಾಲದಲ್ಲಿ ಮುಂದುವರಿದರು. ಧ್ರುವನಾರಾಯಣ 2008ರಲ್ಲಿ ಇಲ್ಲಿಂದ ಗೆದ್ದು, 2009 ಮತ್ತು 2014ರಲ್ಲಿ ಚಾಮರಾಜನಗರದ ಸಂಸದರಾದರು. 2019ರಲ್ಲಿ 1,817 ಮತಗಳಿಂದ ಸೋತರು. ಕೃಷ್ಣಮೂರ್ತಿ ಕಾಂಗ್ರೆಸ್ಸಿಗೆ ಬಂದು 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರ ಮೇನಲ್ಲಿ ಅದೇ ಮಹೇಶ್ ಬಿಜೆಪಿಯಿಂದ ನಿಂತಾಗ ಕೃಷ್ಣಮೂರ್ತಿ 59,519 ಮತಗಳ ಅಂತರದಿಂದ ಗೆದ್ದರು. ಅದಕ್ಕೆ ಎರಡು ತಿಂಗಳ ಮೊದಲು, ಮಾರ್ಚ್ 11ರಂದು ಧ್ರುವನಾರಾಯಣ ತೀರಿಕೊಂಡಿದ್ದರು.